‘ಎಲ್ಲಾ ಸೈಕಲ್‌ಗೂ ಕೂರುತ್ತೆ’ ಅಂದ್ರೆ ನಂಬಬೇಡಿ: ಸೈಕ್ಲೋಕ್ರಾಸ್‌ಗೆ ಬ್ರೇಕ್ ಕೊಳ್ಳೋರು ಓದಿ

ಕೆಸರು, ಹುಲ್ಲಿನ ಹಾದಿಯಲ್ಲಿ ಓಡಿಸೋ ಸೈಕ್ಲೋಕ್ರಾಸ್ ಸೈಕಲ್‌ಗೆ ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ನಿಲ್ಲಿಸೋದು) ತಗೊಳ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಒಂದೇ ಒಂದು ಅಳತೆ ಕೇಳಿ: ಬ್ರೇಕಿನ ತೋಳು ಎಷ್ಟು ಉದ್ದ? ತಳದ ಬೋಲ್ಟಿನ ನಡುವಿನಿಂದ ಕೇಬಲ್ ಕಚ್ಚೋ ಬೋಲ್ಟಿನ ತನಕ, ಮಿಲಿಮೀಟರ್‌ನಲ್ಲಿ. ನಾನು ಕೇಳಲಿಲ್ಲ. ಡ್ರಾಪ್ ಬಾರ್ (ಕೆಳಕ್ಕೆ ಬಾಗಿದ ಹ್ಯಾಂಡಲ್), ರೋಡ್ ಲಿವರ್ (ಅದರ ಬ್ರೇಕ್ ಹಿಡಿ) ಅಂತ ಬರೆದು ಅಂಗಡಿಯವರಿಗೆ ಫೋಟೋ ಸಮೇತ ಕಳಿಸಿದ್ದೆ, ಅದು ಸಾಕು ಅಂದ್ಕೊಂಡಿದ್ದೆ. "ಬೋಲ್ಟ್ ಕೂತ್ರೆ ಆಯ್ತು ಸರ್, ಎಲ್ಲಾ ಸೈಕಲ್‌ಗೂ ಕೂರುತ್ತೆ" ಅಂದ್ರು. ಬಂದಿದ್ದು ಮೌಂಟನ್ ಬೈಕಿನ ಉದ್ದದ ವಿ-ಬ್ರೇಕ್ (ಎರಡು ನೆಟ್ಟನೆ ತೋಳು ಎರಡೂ ಕಡೆಯಿಂದ ರಿಮ್ ಒತ್ತೋ ಬ್ರೇಕ್), ತೋಳು 107 ಮಿ.ಮೀ.

ಬೋಲ್ಟ್ ಕೂತಿತು, ನಿಜ. ಬ್ರೇಕ್ ಹಿಡಿಯಲಿಲ್ಲ. ಒತ್ತಿದ ಲಿವರ್ ಸೀದಾ ಹೋಗಿ ಹ್ಯಾಂಡಲ್‌ಗೆ ತಾಗಿತು, ಬೆರಳ ಗೆಣ್ಣು ನಡುವೆ ಸಿಕ್ಕಿಕೊಂಡಿತು, ಚಕ್ರ ಮಾತ್ರ ತಿರುಗ್ತಾನೇ ಇತ್ತು. ಇಷ್ಟು ವರ್ಷ ಬ್ರೇಕ್ ಬಿಚ್ಚಿ ಜೋಡಿಸಿದವನು ಇಷ್ಟು ಸುಲಭಕ್ಕೆ ಮೋಸ ಹೋದೆನಲ್ಲ ಅಂತ ನಾಚಿಕೆ ಆಯ್ತು.

ಫೋನ್ ಮಾಡಿದರೆ ಮೊದಲ ಉತ್ತರ: "ಕೇಬಲ್ ಟೈಟ್ ಮಾಡಿ." ಮಾಡಿದೆ. ಶೂಗೂ (ರಿಮ್ ಒತ್ತೋ ರಬ್ಬರ್ ತುಂಡು) ರಿಮ್‌ಗೂ ನಡುವೆ 1 ಮಿ.ಮೀ. ಕೂಡ ಉಳಿಯಲಿಲ್ಲ. ಚಕ್ರ ಚೂರು ಸೊಟ್ಟಗಾದ್ರೆ ಉಜ್ಜುತ್ತೆ, ಕೆಸರು ಮೆತ್ತಿದ್ರೆ ಚಕ್ರವೇ ನಿಲ್ಲುತ್ತೆ. ಕೆಸರಲ್ಲಿ ಓಡಿಸೋಕೇ ಇರೋ ಸೈಕಲ್ ಇದು! ಎರಡನೇ ಉತ್ತರ: "ಶೂ ಸವೆದು ಸೆಟ್ ಆಗುತ್ತೆ." ಸವೆದ್ರೆ ಅಂತರ ಜಾಸ್ತಿ ಆಗುತ್ತೆ, ಕಡಿಮೆ ಆಗಲ್ಲ. ಮೂರನೇದು: "ಒಂದು ಸಲ ಬಿಗಿದ ಮೇಲೆ ವಾಪಸ್ ಇಲ್ಲ."

ಕಾರಣ ಇಷ್ಟೇ. ಉದ್ದ ವಿ-ಬ್ರೇಕ್‌ಗೆ ತುಂಬಾ ಕೇಬಲ್ ಎಳೀಬೇಕು. ಮೌಂಟನ್ ಬೈಕ್ ಲಿವರ್ ಅಷ್ಟು ಎಳೆಯುತ್ತೆ, ರೋಡ್ ಲಿವರ್ ಎಳೆಯೋದು ಸುಮಾರು ಅದರ ಅರ್ಧ. ರೋಡ್ ಲಿವರ್‌ಗೆ ಬೇಕಾದದ್ದು ಮಿನಿ-ವಿ, ಅಂದ್ರೆ ಗಿಡ್ಡ ವಿ-ಬ್ರೇಕ್, ತೋಳು 80ರಿಂದ 90 ಮಿ.ಮೀ. ಹೆಚ್ಚು ಕೇಬಲ್ ಎಳೆಯೋ ಶಿಮಾನೋದ ಈಚಿನ ಲಿವರ್‌ಗಳಿಗೆ 90, ಶ್ರಾಮ್ ಮತ್ತು ಹಳೇ ಲಿವರ್‌ಗಳಿಗೆ 84-85. ಬ್ರೇಕ್ ಕಂಪನಿ ಟಿಆರ್‌ಪಿಯವರು ಸಿಎಕ್ಸ್9 (90 ಮಿ.ಮೀ.), ಸಿಎಕ್ಸ್8.4 (84 ಮಿ.ಮೀ.) ಅಂತ ಎರಡು ಅಳತೆ ಮಾಡಿದ್ದೇ ಇದಕ್ಕೆ. ರೋಡ್ ಲಿವರ್‌ನಲ್ಲಿ ಕೇಬಲ್ ಹೊಂದಿಸೋ ತಿರುಪು ಇರಲ್ಲ, ಆದ್ದರಿಂದ ಕೇಬಲ್ ನಡುವೆ ಕೂರೋ ಬ್ಯಾರೆಲ್ ಅಡ್ಜಸ್ಟರ್ ಒಂದು ತಗೊಳ್ಳಿ.

"ಹಾಗಾದ್ರೆ ಕ್ಯಾಂಟಿಲಿವರ್ ತಗೊಳ್ಳಿ, ವ್ಯತ್ಯಾಸದ ದುಡ್ಡು ಕೊಡಿ" ಅಂತಲೂ ಹೇಳಿದ್ರು. ಆ ಬ್ರೇಕಲ್ಲಿ ಎರಡು ತೋಳಿಗೆ ಅಡ್ಡ ಹೋಗೋ ತಂತಿಯನ್ನ ಕೇಬಲ್ ನಡುವಿಂದ ಮೇಲಕ್ಕೆ ಎಳೆಯುತ್ತೆ; ಕೆಸರು ಜಾರೋಕೆ ಜಾಗ ಚೆನ್ನಾಗಿರುತ್ತೆ, ಸುಳ್ಳಲ್ಲ. ಆದರೆ ಕೇಬಲ್ ಹ್ಯಾಂಗರ್ (ಕೇಬಲ್‌ನ ಹೊರ ಕವಚ ನಿಲ್ಲೋ ಕೊಂಡಿ) ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹತ್ತಿರ ಮೇಲೆ ಕೂತಿದ್ರೆ, ಬ್ರೇಕ್ ಹಿಡಿದಾಗ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) ಹಿಂದಕ್ಕೆ ಬಾಗುತ್ತೆ, ಕೇಬಲ್ ತಾನಾಗೇ ಬಿಗಿಯಾಗುತ್ತೆ, ಶೂ ಇನ್ನೂ ಜೋರಾಗಿ ಕಚ್ಚುತ್ತೆ, ಮುಂದಿನ ಚಕ್ರ ಗಡಗಡ ನಡುಗುತ್ತೆ. ಹ್ಯಾಂಗರನ್ನ ಫೋರ್ಕ್ ಕ್ರೌನ್‌ಗೆ (ಫೋರ್ಕ್ ಕವಲೊಡೆಯೋ ಜಾಗ) ಇಳಿಸಿ, ಇಲ್ಲಾಂದ್ರೆ ಮಿನಿ-ವಿ ಹಾಕಿ. ಕ್ಯಾಂಟಿಲಿವರ್‌ನಲ್ಲಿ ಎರಡು ತೋಳಿಗೆ ಅಡ್ಡ ಹೋಗೋ ತಂತಿ ಕೆಳಗಿಳಿದಷ್ಟೂ ಹಿಡಿತ ಜಾಸ್ತಿ, ಲಿವರ್ ಮೆತ್ತಗೆ. ತೀರಾ ಇಳಿಸಿದ್ರೆ ಟೈರ್‌ನ ಗುಬುಟಿಗೆ ತಾಗುತ್ತೆ. ಮುಖ್ಯ ಕೇಬಲ್ ತುಂಡಾದ್ರೆ ಅದೇ ತಂತಿ ಟೈರ್ ಮೇಲೆ ಬಿದ್ದು ಚಕ್ರ ಜಾಮ್ ಮಾಡಬಹುದು, ಮುಂದಿನ ಚಕ್ರಕ್ಕೆ ಅದನ್ನ ತಡೆಯೋ ಕ್ಲಿಪ್ ಹಾಕದೆ ಓಡಿಸಬೇಡಿ.

ಶೂ ಕೂರಿಸುವಾಗ ಮೇಲಂಚು ರಿಮ್ ಅಂಚಿಗಿಂತ 1 ಮಿ.ಮೀ. ಕೆಳಗಿರಲಿ. ಮೇಲೆ ಹೋದ್ರೆ ಟೈರ್ ಕೊಯ್ಯುತ್ತೆ. ಸವೆದಂತೆ ಶೂ ಕಡ್ಡಿಗಳ ಕಡೆ ಇಳಿಯುತ್ತೆ, ನೋಡ್ತಾ ಇರಿ. ಶೂ ಹಿಂಬದಿಗೂ ರಿಮ್‌ಗೂ ನಡುವೆ ಮಡಚಿದ ರಟ್ಟು ಸಿಕ್ಕಿಸಿ ಬಿಗಿದ್ರೆ ಮುಂಭಾಗ ಮೊದಲು ತಾಗುತ್ತೆ, ಕೀರಲು ನಿಲ್ಲುತ್ತೆ. ಒಂದು ಶೂ ಉಜ್ಜುತ್ತಿದ್ರೆ ಆ ಕಡೆಯ ಸ್ಪ್ರಿಂಗ್ ತಿರುಪು ಕಾಲು ಸುತ್ತು ಬಿಗಿ ಮಾಡಿ. ಕಾರ್ಬನ್ ರಿಮ್‌ಗೆ ಅದರದ್ದೇ ಶೂ ಹಾಕಿ, ಅಲ್ಯೂಮಿನಿಯಂ ಚೂರು ಕಚ್ಚಿಕೊಂಡ ಹಳೇ ಶೂ ಬೇಡವೇ ಬೇಡ.

ತೋಳಿನ ಅಳತೆಯನ್ನ ಬರಹದಲ್ಲಿ ತಗೊಳ್ಳಿ, ಬಾಯಿಮಾತು ಬೇಡ. ಬಿಗಿಯೋ ಮುಂಚೆ ಸ್ಕೇಲ್ ಇಟ್ಟು ನೋಡಿ, ಬಿಗಿದ ಮೇಲೆ ನಿಮ್ಮ ಮಾತು ಯಾರೂ ಕೇಳಲ್ಲ. ನನ್ನ ಕೊನೇ ಮೆಸೇಜ್‌ಗೆ ಇನ್ನೂ ಉತ್ತರ ಬಂದಿಲ್ಲ. ಅದೇ ಬ್ರೇಕ್ ಇವತ್ತಿಗೂ ‘ಎಲ್ಲಾ ಸೈಕಲ್‌ಗೂ’ ಅಂತಲೇ ಮಾರಾಟಕ್ಕಿದೆ.