ತಿರುಗುವ ವಿಡಿಯೋ ನೋಡಿ ಸೆಂಟರ್‌ಪಿನ್ ರೀಲ್ ಕೊಳ್ಳಬೇಡಿ

ಸೆಂಟರ್‌ಪಿನ್ ರೀಲ್ ಅಂದರೆ ಮೀನಿನ ಗಾಳದ ರಾಡಿಗೆ ಹಾಕುವ, ನಡುವಿನ ಪಿನ್ನಿನ ಮೇಲೆ ದಾರದ ಸ್ಪೂಲ್ ತಿರುಗುವ ರೀಲ್. ಅದನ್ನು ಮಾರುವವರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬೆರಳಲ್ಲಿ ಸ್ಪೂಲನ್ನು ಒಂದು ಸಲ ತಿರುಗಿಸಿ ಬಿಡುತ್ತಾರೆ. ಅದು ನಿಲ್ಲುವ ಹಾಗೆಯೇ ಕಾಣುವುದಿಲ್ಲ. ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ. ಕೆಳಗೆ ದಪ್ಪಕ್ಷರದಲ್ಲಿ 'ಎರಡು ಬೇರಿಂಗ್, ಎಬಿಇಸಿ 7' ಅಂತ ಇರುತ್ತದೆ. ಎಬಿಇಸಿ ಅಂದರೆ ಬೇರಿಂಗಿಗೆ ಕೊಡುವ ದರ್ಜೆ. ನಾನು ಕೊಂಡ ರೀಲಿಗೂ ಇಂಥದೇ ಒಂದು ವಿಡಿಯೋ ಇತ್ತು. ತಿರುಗುವ ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ, ಕೈಗೆ ಬಂದ ರೀಲೂ ಹಾಗೇ ತಿರುಗಿತು. ತೊಂದರೆ ಶುರುವಾದದ್ದು ಹೊಳೆಗೆ ಒಯ್ದ ಮೇಲೆ.

ಈ ರೀಲಿನಲ್ಲಿ ಗೇರ್ ಇಲ್ಲ, ಮೀನು ಎಳೆದಾಗ ದಾರವನ್ನು ಬಿಗಿ ಹಿಡಿದು ಬಿಡುವ ಡ್ರ್ಯಾಗ್ ಇಲ್ಲ. ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲೂ ಒಂದೇ ಸುತ್ತು. ಬ್ರೇಕ್ ಅಂದರೆ ನಮ್ಮ ಹೆಬ್ಬೆರಳು. ನೀರು ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನು ಎಳೆಯುತ್ತದೆ, ಬೆಂಡು ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸಬೇಕು. ಹಾಗಾಗಿ ಸ್ಪೂಲ್ ಎಷ್ಟು ಹೊತ್ತು ತಿರುಗುತ್ತದೆ ಅನ್ನುವುದಕ್ಕಿಂತ ಎಷ್ಟು ಸಣ್ಣ ಎಳೆತಕ್ಕೆ ಹೊರಡುತ್ತದೆ ಅನ್ನುವುದು ಮುಖ್ಯ. ಇವೆರಡೂ ಬೇರೆ ಬೇರೆ. ಭಾರದ ಸ್ಪೂಲ್ ಒಮ್ಮೆ ಹೊರಟರೆ ಬೇಗ ನಿಲ್ಲುವುದಿಲ್ಲ, ಆದರೆ ಹೊರಡುವುದಕ್ಕೇ ಸತಾಯಿಸುತ್ತದೆ. ವಿಡಿಯೋದಲ್ಲಿ ಕಾಣುವುದು ಮೊದಲನೆಯದು ಮಾತ್ರ.

ನನ್ನ ರೀಲು ಮಾಡಿದ್ದೂ ಅದೇ. ನಿಧಾನವಾಗಿ ಹರಿಯುವ ನೀರು, ಹಗುರ ಬೆಂಡು. ಬೆಂಡು ಸ್ವಲ್ಪ ದೂರ ಹೋಗಿ ತಡೆಯುತ್ತಿತ್ತು. ದಾರ ಬಿಗಿಯಾಗಿ ಬೆಂಡಿನ ತುದಿ ನನ್ನ ಕಡೆ ವಾಲುತ್ತಿತ್ತು. ಆಮೇಲೆ ಸ್ಪೂಲ್ ದಡಕ್ಕನೆ ತಿರುಗಿ ಬೇಕಾದ್ದಕ್ಕಿಂತ ಜಾಸ್ತಿ ದಾರ ಬಿಡುತ್ತಿತ್ತು. ಪ್ರತಿ ಸಲ ತಡೆದಾಗಲೂ ಕೆಳಗಿರುವ ಎರೆ ತಳದಿಂದ ಮೇಲೇಳುತ್ತದೆ. ನೀರಿನ ಜೊತೆ ಸಹಜವಾಗಿ ಹೋಗುವ ಎರೆಗೆ ಬಾಯಿ ಹಾಕುವ ಮೀನು, ಹೀಗೆ ಕುಣಿಯುವ ಎರೆಯ ಹತ್ತಿರ ಬರುತ್ತದೆಯೇ?

ಕೆಲವು ಸಲ ನೀರು ಕಂಡ ಮೇಲೆ ಕರಕರ ಸದ್ದು ಶುರುವಾಯಿತು. ನಡುವಿನ ಸ್ಕ್ರೂ ಬಿಚ್ಚಿ ಸ್ಪೂಲ್ ಎಳೆದೆ. ಹಿಂಬದಿಯಲ್ಲಿ ಒಂದು ಬೇರಿಂಗ್ ಇತ್ತು. ಅದರ ಅಂಚಿನ ಸುತ್ತ ಕಂದು ಬಣ್ಣದ ತುಕ್ಕು, ಒಳಗೆ ಎಣ್ಣೆಯ ಪಸೆಯೇ ಇಲ್ಲ. ಬೇರಿಂಗನ್ನು ಒಣಗಿಸಿ ಬಿಟ್ಟರೆ ತುಂಬಾ ಹೊತ್ತು ತಿರುಗುತ್ತದೆ, ವಿಡಿಯೋಗೆ ಚೆನ್ನ. ಎಣ್ಣೆಯಿಲ್ಲದ ಉಕ್ಕಿಗೆ ನೀರು ತಾಗಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮುಂಬದಿಯಲ್ಲಿ ಎರಡನೇ ಬೇರಿಂಗ್ ಇರಬೇಕಿತ್ತಲ್ಲ, ಅಲ್ಲಿ ಇದ್ದದ್ದು ಬಿಳಿ ಪ್ಲಾಸ್ಟಿಕ್ ಬುಷ್, ಅಂದರೆ ಗುಂಡುಗಳಿಲ್ಲದ ಬರೀ ಕೊಳವೆ. ಸುತ್ತ ಹೊಳೆಯುವ ಅಲ್ಯೂಮಿನಿಯಂ ಉಂಗುರ ಕೂರಿಸಿದ್ದರು, ಹೊರಗಿನಿಂದ ನೋಡಿದರೆ ಬೇರಿಂಗೇ ಅನ್ನಬೇಕು. ಮೇಲೆ ಥಳಕು, ಒಳಗೆ ಹುಳುಕು.

ಬುಷ್ ಅಂದರೆ ಕೀಳು ಅಂತಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂದ ಆಲ್‌ಕಾಕ್ ಏರಿಯಲ್ ರೀಲಿನ ಹಗುರ ಸ್ಪೂಲ್ ತಿರುಗುವುದು ಬರೀ ಪಿನ್ನಿನ ಮೇಲೆ. ನುಣ್ಣಗೆ ಮಾಡಿದ ಪಿನ್ನು, ಅದಕ್ಕೆ ಸರಿಯಾಗಿ ಕೂರುವ ಕಂಚಿನ ಬುಷ್, ತೆಳು ಎಣ್ಣೆಯ ಒಂದು ತೊಟ್ಟು, ಇಷ್ಟಿದ್ದರೆ ಹಗುರ ಬೆಂಡಿಗೂ ಸ್ಪೂಲ್ ಸದ್ದಿಲ್ಲದೆ ಹೊರಡುತ್ತದೆ. ಆದರೆ ಆರೈಕೆ ಬೇಕು. ಮರಳಿನ ಒಂದು ಕಣ ಸೇರಿದರೂ ಗೊತ್ತಾಗುತ್ತದೆ, ಗ್ರೀಸ್ ಹಾಕಿದರಂತೂ ಕಥೆ ಮುಗಿಯಿತು. ಸವೆದಷ್ಟೂ ಅಲ್ಲಾಟ ಜಾಸ್ತಿ. ಎರಡು ಒಳ್ಳೆಯ ಬೇರಿಂಗ್‌ಗಳನ್ನು ದೂರ ದೂರ, ಒಂದೇ ನೇರಕ್ಕೆ ಕೂರಿಸಿದ ರೀಲಿನಲ್ಲಿ ಅಲ್ಲಾಟ ಇರುವುದಿಲ್ಲ, ದೊಡ್ಡ ಮೀನಿನ ಎಳೆತವನ್ನೂ ತಡೆಯುತ್ತದೆ. ಸವೆದರೆ ಹೊಸದು ಹಾಕಬಹುದು. ನನಗೆ ಎರಡೂ ಇಷ್ಟ.

ಇಷ್ಟವಿಲ್ಲದ್ದು ಈ ಅಗ್ಗದ ಬೆರಕೆ. ಬುಷ್ ತಿರುಗಬೇಕಾದರೆ ಪಿನ್ನಿಗೂ ಅದಕ್ಕೂ ನಡುವೆ ಕೊಂಚ ಸಂದು ಬೇಕು. ಹಿಂದೆ ಬೇರಿಂಗ್ ಗಟ್ಟಿಯಾಗಿ ಹಿಡಿದಿದೆ, ಮುಂದೆ ಸಡಿಲ. ದಾರ ಎಳೆದಾಗ ಸ್ಪೂಲ್ ಓರೆಯಾಗುತ್ತದೆ. ನನ್ನ ರೀಲಿನ ಹಿಂದಿನ ತಟ್ಟೆಯ ಮೇಲೆ ಸ್ಪೂಲಿನ ಅಂಚು ಉಜ್ಜಿ ಅರ್ಧಚಂದ್ರದ ಗೀರು ಬಿದ್ದಿತ್ತು.

ಮಾರಿದವರಿಗೆ ಬರೆದೆ. ಮೊದಲು 'ಅದು ಸೀಲ್ ಮಾಡಿದ ಬೇರಿಂಗ್' ಅಂದರು. ಫೋಟೋ ಕಳಿಸಿದೆ. 'ಬಿಚ್ಚಿದ ರೀಲಿಗೆ ವಾರಂಟಿ ಇಲ್ಲ' ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಎಬಿಇಸಿ ಅಂಕಿಗೂ ಮರುಳಾಗಬೇಡಿ. 1, 3, 5, 7, 9 ಅನ್ನುವ ಈ ದರ್ಜೆಗಳು ಹೇಳುವುದು ಬೇರಿಂಗನ್ನು ಎಷ್ಟು ನಿಖರ ಅಳತೆಗೆ ಮಾಡಿದ್ದಾರೆ ಅಂತ ಮಾತ್ರ. ಒಳಗಿರುವುದು ಗ್ರೀಸೋ ಎಣ್ಣೆಯೋ, ಉಕ್ಕು ತುಕ್ಕು ಹಿಡಿಯುವಂಥದ್ದೋ ಅಲ್ಲವೋ, ರಬ್ಬರ್ ಸೀಲ್ ಉಜ್ಜುತ್ತದೋ ಇಲ್ಲವೋ, ಇದ್ಯಾವುದೂ ಆ ಅಂಕಿಯಲ್ಲಿ ಇಲ್ಲ. ಗಟ್ಟಿ ಗ್ರೀಸ್ ತುಂಬಿದ 7ಕ್ಕಿಂತ ತೆಳು ಎಣ್ಣೆಯ 1 ಸುಲಭವಾಗಿ ಹೊರಡಬಹುದು. ಸೆರಾಮಿಕ್ ಅಂದರೂ ಅಷ್ಟೇ. ಸಾಮಾನ್ಯವಾಗಿ ಗುಂಡುಗಳು ಮಾತ್ರ ಸೆರಾಮಿಕ್, ಅವು ಉರುಳುವ ಉಂಗುರ ಉಕ್ಕಿನದೇ.

ಕೊಳ್ಳುವ ಮುಂಚೆ ರೀಲ್ ಕೈಗೆ ಸಿಕ್ಕರೆ ಹೀಗೆ ಮಾಡಿ. ರಾಡಿಗೆ ಹಾಕುವಂತೆ ನೆಟ್ಟಗೆ ಹಿಡಿದು, ದಾರದ ತುದಿಗೆ ಒಂದು ಚಿಕ್ಕ ಸೀಸದ ಗುಂಡು ಕಚ್ಚಿಸಿ ಇಳಿಬಿಡಿ. ಸ್ಪೂಲ್ ತಾನಾಗಿ ತಿರುಗಬೇಕು. ಹಿಡಿಯನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಇಟ್ಟು ಮತ್ತೆ ನೋಡಿ. ಒಂದು ಕಡೆ ಹೊರಟು ಇನ್ನೊಂದು ಕಡೆ ನಿಂತರೆ ಸ್ಪೂಲಿನ ತೂಕ ಸಮ ಇಲ್ಲ. ಆಮೇಲೆ ಅಂಚು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ತಟ್ಟೆಗೆ ತಾಗುತ್ತದಾ ನೋಡಿ. ದೂರದಿಂದ ತರಿಸುವುದಾದರೆ ಸ್ಪೂಲ್ ಬಿಚ್ಚಿ ಎರಡೂ ಬದಿಯ ಫೋಟೋ ಕೇಳಿ. ಒಂದು ಸ್ಕ್ರೂ ಬಿಚ್ಚುವ ಕೆಲಸ, ಅದಕ್ಕೂ ಸಬೂಬು ಹೇಳಿದರೆ ಆ ರೀಲನ್ನು ಅವರ ಹತ್ತಿರವೇ ಬಿಡಿ.