ಮೆತ್ತನೆ ಹೂಳಿನ ಬಲ ಅಳೆಯಲು ಯಾವ ಉಪಕರಣ?

ನೀರಿನ ತಳದಿಂದ ಕೊಳವೆಯಲ್ಲಿ ತೆಗೆದ ಹೂಳನ್ನು ಉದ್ದಕ್ಕೆ ಸೀಳಿ, ಅದರ ಮೇಲೆ ಪಾಕೆಟ್ ಪೆನೆಟ್ರೋಮೀಟರ್ (ಒತ್ತಿ ಅಳೆಯುವ ಕಡ್ಡಿ), ವೇನ್ (ತಿರುಗಿಸಿ ಅಳೆಯುವ ಅಲಗು), ಫಾಲ್ ಕೋನ್ (ತನ್ನ ತೂಕಕ್ಕೇ ಇಳಿಯುವ ಚೂಪು ಶಂಕು) ಮೂರನ್ನೂ ಬಳಸಿ ನೋಡಿದ್ದೇನೆ. ಬೆರಳು ಸಲೀಸಾಗಿ ಇಳಿಯುವಷ್ಟು ಮೆತ್ತಗಿದ್ದರೆ ನಾನು ಮೊದಲು ಕೈ ಹಾಕುವುದು ಫಾಲ್ ಕೋನ್‌ಗೆ.

ಪಾಕೆಟ್ ಪೆನೆಟ್ರೋಮೀಟರ್ ಜೇಬಲ್ಲೇ ಹಿಡಿಸುತ್ತದೆ, ಒತ್ತಿದರೆ ಅಂಕಿ ಸಿಗುತ್ತದೆ. ಆದರೆ ಅದರ ಮೇಲೆ ಸಾಮಾನ್ಯವಾಗಿ ಇರುವ ಒಂದು ಗೆರೆ ಅಂದರೆ ಚದರ ಸೆಂಟಿಮೀಟರ್‌ಗೆ 0.25 ಕೆ.ಜಿ.; ಅದನ್ನು ಶಿಯರ್ ಬಲಕ್ಕೆ, ಅಂದರೆ ಮಣ್ಣು ಜಾರದಂತೆ ತಡೆಯುವ ಬಲಕ್ಕೆ, ತಿರುಗಿಸಿದರೆ ಅದರ ಅರ್ಧ, ಸುಮಾರು 12 ಕಿಲೋಪ್ಯಾಸ್ಕಲ್. ನಮ್ಮ ಹೂಳು 3 ಕಿಲೋಪ್ಯಾಸ್ಕಲ್ ಇದ್ದರೆ ಅಂಕಿ ಕದಲುವುದೇ ಕಷ್ಟ. ಕಡ್ಡಿಯ ತುದಿಗೆ 25 ಮಿ.ಮೀ. ಅಗಲದ ಪಾದ ಜೋಡಿಸಿ, ಓದಿದ್ದನ್ನು 16ರಿಂದ ಭಾಗಿಸಬಹುದು. ಆಗಲೂ ಕೈಯ ಒತ್ತಡ ಸ್ವಲ್ಪ ಬದಲಾದರೆ ಅಂಕಿ ಬದಲಾಗುತ್ತದೆ. ಗಟ್ಟಿ ಜೇಡಿಗೆ ಸರಿ, ಇದಕ್ಕಲ್ಲ.

ವೇನ್ ಬೇರೆಯೇ ಮಟ್ಟದ್ದು. ನಾಲ್ಕು ಅಲಗನ್ನು ಹೂಳೊಳಗೆ ಇಳಿಸಿ ನಿಧಾನಕ್ಕೆ ತಿರುಗಿಸಬೇಕು. ಸ್ಪ್ರಿಂಗ್ ಬಿಗಿಯಾಗುತ್ತಾ ಹೋಗಿ, ಒಂದು ಹಂತದಲ್ಲಿ ಮಣ್ಣು ಸೋಲುತ್ತದೆ. ಆ ಗರಿಷ್ಠ ಅಂಕಿಯೇ ಬಲ. ಆಮೇಲೆ ಹಲವು ಸುತ್ತು ಜೋರಾಗಿ ತಿರುಗಿಸಿ ಮತ್ತೆ ಅಳೆದರೆ, ಕಲಕಿದ ಮಣ್ಣಿನ ಬಲವೂ ಅಲ್ಲೇ ಸಿಗುತ್ತದೆ. ಈ ಅನುಕೂಲ ನನಗೆ ತುಂಬಾ ಇಷ್ಟ. ಆದರೆ ಬೇಗ ತಿರುಗಿಸಿದರೆ ಅಂಕಿ ಜಾಸ್ತಿ ಬರುತ್ತದೆ, ಚಿಪ್ಪು ಸಿಕ್ಕಿದರಂತೂ ಕೆಟ್ಟೇ ಹೋಗುತ್ತದೆ. ಅಲಗು ಪೂರ್ತಿ ಮುಳುಗಬೇಕಾದ್ದರಿಂದ ತೆಳು ಪದರಗಳ ವ್ಯತ್ಯಾಸ ತಿಳಿಯುವುದಿಲ್ಲ.

ಫಾಲ್ ಕೋನ್‌ನಲ್ಲಿ ಮೊನೆಯನ್ನು ಮೇಲ್ಮೈಗೆ ಸೋಕುವಂತೆ ಇಡಬೇಕು. ಒದ್ದೆ ಹೂಳಿನ ಹೊಳಪಿನಲ್ಲಿ ಮೊನೆಯ ಪ್ರತಿಬಿಂಬ ಕಾಣುತ್ತದೆ, ಎರಡೂ ಕೂಡಿದಾಗ ಬಿಟ್ಟುಬಿಡಿ. 5 ಸೆಕೆಂಡ್ ಬಿಟ್ಟು ಎಷ್ಟು ಇಳಿದಿದೆ ನೋಡಿ. 1957ರಲ್ಲಿ ಸ್ವೀಡನ್‌ನ ಇಂಜಿನಿಯರ್ ಹಾನ್ಸ್‌ಬೋ ಕೊಟ್ಟ ಸೂತ್ರದಲ್ಲಿ ಬಲವು ಕೋನ್ ತೂಕಕ್ಕೆ ನೇರವಾಗಿ, ಆಳದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಂದರೆ ಎರಡು ಪಟ್ಟು ಆಳಕ್ಕೆ ಇಳಿದರೆ ಬಲ ಕಾಲು ಭಾಗ ಮಾತ್ರ. ಹಾಗಾಗಿ ಆಳ ಓದುವಲ್ಲಿ 10% ತಪ್ಪಿದರೆ ಉತ್ತರದಲ್ಲಿ ಸುಮಾರು 20% ತಪ್ಪುತ್ತದೆ. 30 ಡಿಗ್ರಿ ಮೊನೆಯ, 100 ಗ್ರಾಂ ಕೋನ್ ತೀರಾ ಆಳಕ್ಕೆ ಹೋದರೆ 60 ಡಿಗ್ರಿ, 60 ಗ್ರಾಂ ಕೋನ್ ಹಾಕಿಕೊಳ್ಳಿ. ಸೀಳಿದ ಮುಖ ಒಣಗಲು ಬಿಡಬೇಡಿ, ತೊಗಟೆ ಕಟ್ಟಿದರೆ ಸುಳ್ಳು ಬಲ ತೋರಿಸುತ್ತದೆ.

ಸೂತ್ರದ ಸ್ಥಿರಾಂಕ ಕೋನ್ ಬದಲಾದ ಹಾಗೆ ಬದಲಾಗುತ್ತದೆ. ಪುಸ್ತಕದಲ್ಲಿ ಕೊಟ್ಟ ಸ್ಥಿರಾಂಕವನ್ನೇ ನಂಬಿ ಸುಮ್ನೆ ಕೂರುವ ಬದಲು, ಅದೇ ಹೂಳಿನ ಒಂದೆರಡು ಜಾಗದಲ್ಲಿ ವೇನ್ ಇಳಿಸಿ ಹೋಲಿಸಿ ನೋಡಿ.