ಗಿಟಾರ್ ಕಟ್ಟುವ ಕೋಣೆಗೆ 12 ಲೀಟರ್ ಡಿಹ್ಯೂಮಿಡಿಫೈಯರ್: ತೇವ ಚೆನ್ನಾಗಿ ಎಳೆಯುತ್ತದೆ, ಆದರೆ ಕರೆಂಟ್ ಹೋದರೆ ಮಲಗಿಬಿಡುತ್ತದೆ (3/5)

ಸ್ಪೆಸಿಫಿಕೇಶನ್ ಎಲ್ಲ ಬಾಕ್ಸ್ ಮೇಲೇ ಇದೆ, ಮತ್ತೆ ಬರೆಯುವುದಿಲ್ಲ. ಕಂಪ್ರೆಸರ್ ಇರುವ, ಟಚ್ ಪ್ಯಾನೆಲ್‌ನ, 220 ವ್ಯಾಟ್ ಆಸುಪಾಸು ಎಳೆಯುವ ಮೆಷಿನ್. ಚಿಕ್ಕಮಗಳೂರಿನಲ್ಲಿ ಗಿಟಾರ್, ಮ್ಯಾಂಡೊಲಿನ್ ಕಟ್ಟುವ 10×12 ಅಡಿಯ ಕೋಣೆಯಲ್ಲಿ ಕೆಲವು ಮಳೆಗಾಲ ಓಡಿಸಿದ ಮೇಲಿನ ಅಭಿಪ್ರಾಯ ಇದು.

ಈ ಹವ್ಯಾಸಕ್ಕೆ ಇಷ್ಟು ದುಬಾರಿ ಮೆಷಿನ್ ಯಾಕೆ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಜಡಿಮಳೆಯ ವಾರಗಳಲ್ಲಿ ಇಲ್ಲಿ ಗಾಳಿಯ ಆರ್ದ್ರತೆ ಶೇ. 85 ದಾಟುವುದು ಮಾಮೂಲು. ಆ ಹವೆಯಲ್ಲಿಟ್ಟ ಸ್ಪ್ರೂಸ್ (ಪೈನ್ ಜಾತಿಯ ಹಗುರ ಮರ) ಹಲಗೆಯಲ್ಲಿ ಒಣತೂಕದ ಶೇ. 18ರಷ್ಟು ನೀರಿರುತ್ತದೆ. ಆರ್ದ್ರತೆ 45 ಇರುವ ಹವೆಯಲ್ಲಿ ಅದು ಶೇ. 8–9. ಇಷ್ಟು ವ್ಯತ್ಯಾಸಕ್ಕೆ 400 ಮಿ.ಮೀ. ಅಗಲದ ಟಾಪ್ (ಗಿಟಾರಿನ ಮುಂಬದಿಯ ಹಲಗೆ) ಅಡ್ಡಕ್ಕೆ 5 ಮಿ.ಮೀ. ಹತ್ತಿರ ಕುಗ್ಗುತ್ತದೆ. ಅದಕ್ಕೆ ಅಡ್ಡಡ್ಡವಾಗಿ ಅಂಟಿಸಿದ ಬ್ರೇಸ್ (ಬಲಕ್ಕೆ ಒಳಬದಿಗೆ ಹಾಕುವ ಮರದ ಪಟ್ಟಿ) ಮಾತ್ರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಮಳೆಗಾಲದ ತೇವದಲ್ಲಿ ಬ್ರೇಸ್ ಹಾಕಿದ ಗಿಟಾರ್ ಫೆಬ್ರವರಿಯಲ್ಲಿ ಬೆಂಗಳೂರಿಗೆ ಹೋಯಿತು ಅನ್ನಿ: ಟಾಪ್ ಒಳಕ್ಕೆ ತಗ್ಗುತ್ತದೆ, ತಂತಿ ಫ್ರೆಟ್‌ಗೆ (ಕೈಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿಯುತ್ತದೆ, ಕೊನೆಗೆ ಮರದ ಎಳೆಯುದ್ದಕ್ಕೂ ಬಿರುಕು. ಹಿಂಬದಿಯ ಹಲಗೆಗೆ ಇನ್ನೂ ಅಪಾಯ, ಅದರ ಬ್ರೇಸ್‌ಗಳೆಲ್ಲ ಪೂರ್ತಿ ಅಡ್ಡಕ್ಕೇ ಇರುತ್ತವೆ. ಕೆತ್ತಿದ ಟಾಪ್‌ನ ಮ್ಯಾಂಡೊಲಿನ್‌ನಲ್ಲಿ ಟೋನ್ ಬಾರ್‌ಗಳು (ಅದರ ಬ್ರೇಸ್‌ಗಳು) ಹೆಚ್ಚುಕಡಿಮೆ ಎಳೆಯ ದಿಕ್ಕಿನಲ್ಲೇ ಸಾಗುವುದರಿಂದ ಅದು ಸ್ವಲ್ಪ ತಾಳಿಕೊಳ್ಳುತ್ತದೆ. ಅಲ್ಲಿ ಕಮಾನು ಏರಿಳಿದು ಬ್ರಿಡ್ಜ್‌ನ (ತಂತಿಗಳನ್ನು ಹೊರುವ ಕುದುರೆಯ) ಎತ್ತರ ಮತ್ತೆ ಮತ್ತೆ ಸರಿಮಾಡುವ ಕೆಲಸ ಬೀಳುತ್ತದೆ. ಇನ್ನು ತೇವದಲ್ಲಿ ಫ್ರೆಂಚ್ ಪಾಲಿಶ್ (ಅರಗಿನ ಪಾಲಿಶ್) ಹಚ್ಚಿದರೆ ಮೇಲೆ ಬಿಳಿ ಮಬ್ಬು ಕೂರುವುದು ಬೇರೆ.

ತೇವ ಎಳೆಯುವುದರಲ್ಲಿ ಮೆಷಿನ್ ಬಗ್ಗೆ ದೂರಿಲ್ಲ. ದಿನಕ್ಕೆ 12 ಲೀಟರ್ ಎನ್ನುವುದು 30 ಡಿಗ್ರಿ, 80 ಆರ್ದ್ರತೆಯಲ್ಲಿ ಅಳೆದ ಅಂಕಿ. ನಮ್ಮ 22 ಡಿಗ್ರಿಯ ಮಳೆಗಾಲದಲ್ಲಿ ಅದರ ಅರ್ಧದಷ್ಟು ನಿರೀಕ್ಷಿಸಿ. ಸೀಲಿಂಗ್ ಹಾಕಿ ಸಂದು ಮುಚ್ಚಿದ ಕೋಣೆಗೆ ಅಷ್ಟು ಸಾಕು. ಬರೀ ಹೆಂಚಿನ ಮಾಡಾದರೆ ಎಷ್ಟು ಓಡಿಸಿದರೂ ವ್ಯರ್ಥ, ದಪ್ಪ ಪ್ಲಾಸ್ಟಿಕ್ ಶೀಟಿನಲ್ಲಿ ಕೋಣೆಯೊಳಗೊಂದು ಕೋಣೆ ಮಾಡಿಕೊಳ್ಳಬೇಕು. ಕಂಪ್ರೆಸರ್ ಇಲ್ಲದೆ ಪೆಲ್ಟಿಯರ್ ಚಿಪ್‌ನಿಂದಲೇ ತಂಪು ಮಾಡುವ ಸಣ್ಣ ಅಗ್ಗದ ಡಬ್ಬಿಗಳು ಬೀರುವಿಗೆ ಸರಿ, ಕೋಣೆಗಲ್ಲ.

ಬೆಳಗಿನ ಕೆಲಸ ನನಗೆ ಬಲು ಇಷ್ಟ. ಮೊದಲು ಟ್ಯಾಂಕ್ ಖಾಲಿ ಮಾಡುವುದು (ಆ ನೀರು ಇನ್ವರ್ಟರ್ ಬ್ಯಾಟರಿಗೆ ಬೇಡ, ಒಳಗಿನ ತಂಪು ಕಾಯಿಲ್‌ನ ಲೋಹ, ಕೋಣೆಯ ಧೂಳು ಎರಡೂ ಅದರಲ್ಲಿರುತ್ತವೆ). ಆಮೇಲೆ ಗೋಡೆಯ ಹೈಗ್ರೋಮೀಟರ್ (ಆರ್ದ್ರತೆ ಅಳೆಯುವ ಮೀಟರ್) ನೋಡುವುದು. ಮೆಷಿನ್ನಿನ ಡಿಸ್‌ಪ್ಲೇ ನಂಬಬೇಡಿ, ಅದು ತನ್ನ ಬಾಯಿಯ ಹತ್ತಿರದ ಗಾಳಿಯನ್ನಷ್ಟೇ ಅಳೆಯುತ್ತದೆ. ಹೈಗ್ರೋಮೀಟರನ್ನೂ ಪರೀಕ್ಷಿಸಿಕೊಳ್ಳಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಅದು ಕೆಸರಾಗುವಷ್ಟು ನೀರು, ಆ ಮುಚ್ಚಳ, ಹೈಗ್ರೋಮೀಟರ್ ಎರಡನ್ನೂ ಬಿಗಿ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಟ್ಟರೆ 75 ತೋರಿಸಬೇಕು. ಕೊನೆಗೆ ಟಾಪ್‌ನಿಂದಲೇ ಕೊಯ್ದು ಉಳಿದ ಸ್ಪ್ರೂಸ್ ತುಂಡನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುವುದು. ಮೂರು ಬೆಳಗು ಒಂದೇ ತೂಕ ಬಂದರೆ ಹಲಗೆ ಕೋಣೆಗೆ ಹೊಂದಿಕೊಂಡಿದೆ ಎಂದರ್ಥ. ಆಗ ಬ್ರೇಸ್ ಅಂಟಿಸಬಹುದು.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ ಕರೆಂಟ್ ಹೋಗಿ ಬಂದರೆ ಈ ಮೆಷಿನ್ ತಾನಾಗಿ ಶುರುವಾಗುವುದಿಲ್ಲ. ಪ್ಯಾನೆಲ್ ಸ್ಟ್ಯಾಂಡ್‌ಬೈಗೆ ಹೋಗಿ ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತದೆ. ಜುಲೈ ತಿಂಗಳ ಮಲೆನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ. ನಡುರಾತ್ರಿ ಹತ್ತು ನಿಮಿಷ ಕರೆಂಟ್ ಹೋದರೂ ಸಾಕು, ಬೆಳಗಾಗುವಷ್ಟರಲ್ಲಿ ಕೋಣೆ 70 ದಾಟಿರುತ್ತದೆ. ಪಾಲಿಶ್ ಕಾಣದ 2.8 ಮಿ.ಮೀ. ಟಾಪ್ ಕೆಲವೇ ಗಂಟೆಗಳಲ್ಲಿ ತೇವ ಕುಡಿಯುತ್ತದೆ. ಬ್ರೇಸ್ ಹಾಕಿದ್ದರೆ ಟಾಪ್‌ಗೆ ಬೇಕೆಂದೇ ಕೊಟ್ಟ 28 ಅಡಿ ರೇಡಿಯಸ್‌ನ ಉಬ್ಬು ಇನ್ನಷ್ಟು ಏರುತ್ತದೆ. ಹಾಗೆ ಉಬ್ಬಿದ್ದಾಗಲೇ ಸೈಡ್‌ಗೆ ಅಂಟಿಸಿದರೆ ನೆಕ್‌ನ (ಕೈಹಿಡಿಯ) ಕೋನದ ಲೆಕ್ಕವೆಲ್ಲ ತಪ್ಪುತ್ತದೆ. ತೇವ ಎಳೆಯುವುದಕ್ಕೆಂದೇ ಮಾಡಿದ ಯಂತ್ರ, ತೇವ ಹೆಚ್ಚಿರುವ ಊರಲ್ಲೇ ಕರೆಂಟ್ ಕೈಕೊಡುವುದು ಹೆಚ್ಚು ಎಂಬುದನ್ನು ಯೋಚಿಸದೆ ತಯಾರಾಗಿದೆ. ಸರ್ವಿಸ್‌ನವರನ್ನು ಕೇಳಿದರೆ ಈ ಮಾಡೆಲ್‌ನಲ್ಲಿ ಸೆಟ್ಟಿಂಗ್ ಬದಲಿಸಲು ಬರುವುದಿಲ್ಲ ಎಂಬ ಉತ್ತರ.

ಈಗಾಗಲೇ ಇಂಥದ್ದನ್ನು ಕೊಂಡವರು ಸೈನ್‌ವೇವ್ ಇನ್ವರ್ಟರ್ ಲೈನಿಗೆ ಹಾಕಿ. 150 ಎಎಚ್‌ನ ಒಳ್ಳೆಯ ಬ್ಯಾಟರಿ ಈ ಒಂದೇ ಲೋಡನ್ನು ನಾಲ್ಕು ಗಂಟೆಯಷ್ಟು ಎಳೆಯುತ್ತದೆ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಅದೂ ಸಾಲದು. ಹಲಗೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಬಿಗಿದು ಕಾಯುವುದೇ ದಾರಿ. ಅಂಥ ವಾರ ಅಂಟಿನ ಬಾಟಲಿ ಮುಟ್ಟಬೇಡಿ. ಬೀಟೆಯ ಸೈಡ್ ಬಗ್ಗಿಸುವುದು, ನೆಕ್ ಕೆತ್ತುವುದು ಹೇಗೂ ಬಾಕಿ ಇರುತ್ತದೆ.

ಹೊಸದಾಗಿ ಕೊಳ್ಳುವವರು ಟಚ್ ಪ್ಯಾನೆಲ್‌ನ ಅಂದಕ್ಕೆ ಮರುಳಾಗದೆ ತಿರುಗಿಸುವ ನಾಬ್ ಇರುವುದನ್ನು ಹುಡುಕಿ. ನಾಬ್ ಇಟ್ಟ ಜಾಗದಲ್ಲೇ ಇರುವುದರಿಂದ ಕರೆಂಟ್ ಬಂದೊಡನೆ ಮತ್ತೆ ಓಡುತ್ತದೆ. ತಕ್ಷಣ ಓಡಿದರೆ ಕಂಪ್ರೆಸರ್‌ಗೆ ಪೆಟ್ಟು, ಹಾಗಾಗಿ ಮೂರು ನಿಮಿಷ ತಡಮಾಡುವ ಫ್ರಿಡ್ಜ್ ಸ್ಟೆಬಿಲೈಸರ್ ನಡುವೆ ಇರಲಿ. ಅಂಗಡಿಯಲ್ಲೇ ಓಡುತ್ತಿರುವಾಗ ಸ್ವಿಚ್‌ಬೋರ್ಡಿನಲ್ಲಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ ನೋಡಿ.

ಇನ್ನೆರಡು ಮಾತು. ಸ್ಯಾಂಡಿಂಗ್ ಮಾಡುವಾಗ ಮೆಷಿನ್ ಆಫ್ ಇರಲಿ. ಬೀಟೆಯ ಧೂಳು ಫಿಲ್ಟರ್‌ಗೆ ಮೆತ್ತಿ ಗಾಳಿ ಕಟ್ಟಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕೂತು ನೀರು ಬೀಳುವುದೇ ನಿಲ್ಲುತ್ತದೆ. ಹೊರಬರುವ ಬಿಸಿಗಾಳಿ ಹಲಗೆಗಳ ರಾಶಿಯ ಕಡೆ ಬೀಸದಂತೆ ತಿರುಗಿಸಿಡಿ, ಇಲ್ಲವಾದರೆ ತುದಿಗಳು ಸೀಳುತ್ತವೆ.

ಕಡೂರು, ಅರಸೀಕೆರೆಯಂಥ ಬಯಲುಸೀಮೆಯವರಿಗೆ ಈ ಖರ್ಚು ಅನಗತ್ಯ. ಮಳೆಯ ಕೆಲವು ವಾರ ಬ್ರೇಸ್ ಕೆಲಸ ಮುಂದೂಡಿದರೆ ಮುಗಿಯಿತು, ಆ ದುಡ್ಡಿಗೆ ಒಳ್ಳೆಯ ಟಾಪ್‌ಗಳೇ ಬರುತ್ತವೆ. ಘಟ್ಟದಂಚಿನವರಿಗೆ ಡಿಹ್ಯೂಮಿಡಿಫೈಯರ್ ಬೇಕೇ ಬೇಕು, ಆದರೆ ಈ ಮಾಡೆಲ್ ಅಲ್ಲ.